ಐದನೆಯ ಸಂದು

1958 ಡಿಸೆಂಬರ್ 8, ಸೋಮವಾರ

ಬೆಳಿಗ್ಗೆ ತೆಗೆದ ಹನ್ನೆರಡು ಅಳತೆಗಳನ್ನೂ ಹೊಡೆದುಹಾಕಿ ಮತ್ತೆ ಮೊದಲಿನಿಂದ ತೆಗೆದೆ. ಎರಡನೆಯ ಸಂದಿನ ಹತ್ತಿರ ಚಪ್ಪಡಿ ತಗ್ಗುವುದನ್ನು ಅಳೆಯುವ ಡಯಲಿನ ಕಾಲು ಅಲುಗಿದಂತೆ ಅನ್ನಿಸಿತ್ತು. ಹೆಚ್ಚೆಂದರೆ ಅರ್ಧ ಗೆರೆಯ ವ್ಯತ್ಯಾಸ. ಲಾರಿ ಓಡಿಸುವ ಬೈರಣ್ಣ ತಕ್ಷಣ ಗಾಡಿಯನ್ನು ಹಿಂದಕ್ಕೆ ತೆಗೆದು ನಿಲ್ಲಿಸಿದ. ಮಿಲಿಟರಿಯಲ್ಲಿ ಹತ್ತು ವರ್ಷ ಗಾಡಿ ಓಡಿಸಿ ಬಂದವನು, ಹೇಳಿದ ಗೆರೆಯ ಮೇಲೆ ಚಕ್ರ ನಿಲ್ಲಿಸುತ್ತಾನೆ. ನಮ್ಮ ರಸ್ತೆ ಸಂಶೋಧನಾ ಸ್ಟೇಷನ್ನಿನ ಮುಖ್ಯಸ್ಥರಾದ ಗಂಗಾಧರಯ್ಯನವರು ಮಾತ್ರ, ನಿಮ್ಮ ವರದಿ ಮೂರನೇ ಪಂಚವಾರ್ಷಿಕ ಯೋಜನೆಗಾದರೂ ಸಿಗುತ್ತದೆಯೇ ಎಂದು ಕೇಳಿದರು. ನಕ್ಕೆ. ನನಗೆ ಗೊತ್ತಿದ್ದೂ ತಪ್ಪು ಅಂಕಿಯನ್ನು ಪುಸ್ತಕದಲ್ಲಿ ಬಿಡಲಾರೆ.

ಅಳತೆಗೆ ಇದ್ದ ಸಹಾಯಕ ಬೇರೆ ಕೆಲಸ ಸಿಕ್ಕಿ ಹೋಗಿ ತಿಂಗಳಾಯಿತು. ರಸ್ತೆ ಗುಡಿಸುವ ಮುನಿವೆಂಕಟಮ್ಮನಿಗೇ ಡಯಲು ನೋಡುವುದನ್ನು ಕಲಿಸುತ್ತಿದ್ದೇನೆ. ಅಕ್ಷರ ಬಾರದು, ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಮಾತ್ರ ಬರುತ್ತದೆ. ಬೈರಸಂದ್ರದವಳು. ಜಯನಗರದ ಈ ಅಂಚಿನಲ್ಲಿ ನಾವು ಪರೀಕ್ಷೆಗೆಂದು ಹಾಕಿರುವ ಆರು ಕಾಂಕ್ರೀಟು ಚಪ್ಪಡಿಗಳ ರಸ್ತೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಇದೆಯಂತೆ.

ಇದೆಲ್ಲ ಏತಕ್ಕೆಂದು ಅವಳು ಕೇಳಿದಳು. ಎರಡು ಚಪ್ಪಡಿಗಳ ನಡುವಿನ ಸಂದಿಗೆ ಸರಿಯಾಗಿ ಈಚೆ ಲಾರಿಯ ಹಿಂದಿನ ಚಕ್ರ ನಿಂತಾಗ ಈ ಚಪ್ಪಡಿ ಎಷ್ಟು ತಗ್ಗುತ್ತದೆ, ಪಕ್ಕದ್ದು ಅದರ ಜೊತೆ ಎಷ್ಟು ತಗ್ಗುತ್ತದೆ, ಅದನ್ನು ನೋಡುತ್ತೇವೆ ಎಂದೆ. ಎರಡೂ ಒಟ್ಟಿಗೆ ತಗ್ಗಿದರೆ ಭಾರ ಸಂದು ದಾಟಿತು ಎಂದರ್ಥ. ಪಕ್ಕದ್ದು ಅಲುಗದಿದ್ದರೆ ಭಾರವೆಲ್ಲ ಒಂದರ ಮೇಲೇ ಬಿದ್ದು ಅಂಚು ಒಡೆಯುತ್ತದೆ. ಅವಳು, ಹಗ್ಗದ ಮಂಚದಲ್ಲಿ ಒಬ್ಬರು ಕೂತರೆ ಪಕ್ಕದವರೂ ತಗ್ಗುವ ಹಾಗೆ ತಾನೇ ಎಂದಳು. ನಾನು ಇಷ್ಟು ಚೆನ್ನಾಗಿ ಯಾರಿಗೂ ವಿವರಿಸಿರಲಿಲ್ಲ.

ಕ್ರಮವನ್ನು ಮೂರು ಸಲ ಹೇಳಿಕೊಟ್ಟೆ. ಚಕ್ರದ ಮುಂದೆ, ಸಂದಿನ ಆಚೆಯ ಚಪ್ಪಡಿಯ ಮೇಲಿನ ಡಯಲು ಅವಳದು, ಚಕ್ರದ ಹಿಂದೆ ಈಚೆಯದರ ಮೇಲಿನದು ನನ್ನದು. ಅವಳು ಅಂಕಿ ಹೇಳಿ, ಡಯಲು ಎತ್ತಿಕೊಂಡು, ಪಕ್ಕದ ಹುಲ್ಲಿನ ಮೇಲೆ ನಿಲ್ಲಬೇಕು. ಆಮೇಲೆ ನಾನು ಬಲಗೈ ಎತ್ತುತ್ತೇನೆ. ಅದನ್ನು ಕನ್ನಡಿಯಲ್ಲಿ ನೋಡಿ ಬೈರಣ್ಣ ಚಕ್ರವನ್ನು ಸಂದು ದಾಟಿಸುತ್ತಾನೆ. ಹಿಂದಿನ ಚಕ್ರದ ಹತ್ತಿರ ಏನಿದೆ ಎಂಬುದು ಅವನಿಗೆ ಕಾಣುವುದಿಲ್ಲ, ನನ್ನ ಕೈಯೊಂದೇ ಅವನಿಗೆ ಗುರುತು.

ಡಿಸೆಂಬರ್ 20, ಶನಿವಾರ

ಮಧ್ಯಾಹ್ನವೆಲ್ಲ ಮನೆಯಲ್ಲಿ ಲೆಕ್ಕ. ಆಫೀಸಿನ ಲೆಕ್ಕದ ಕೈಯಂತ್ರವನ್ನು ಹೊತ್ತು ತಂದಿದ್ದೆ. ಜಯಶೀಲಾ ಪಟ್ಟಿಯಿಂದ ಒಂದೊಂದೇ ಅಂಕಿ ಓದಿದಳು, ನಾನು ಹಿಡಿ ತಿರುಗಿಸಿದೆ. ಮದುವೆಯಾಗಿ ಆರು ವರ್ಷದಲ್ಲಿ ನಾವಿಬ್ಬರೂ ಕೂಡಿ ಮಾಡುವ ಕೆಲಸ ಇದೊಂದೇ ಎಂದು ನಗುತ್ತಾಳೆ. ಓದುವಾಗ ಒಂದು ಕಡೆ ಏಳನ್ನು ಒಂದು ಎಂದಳು, ತಾನೇ ಹಿಡಿದು ತಿದ್ದಿದಳು.

ಮಾದರಿ ಒಂದು ರೂಪಕ್ಕೆ ಬಂದಿದೆ. ಸಂದಿನ ಉದ್ದಕ್ಕೂ ಸಣ್ಣ ಸಣ್ಣ ಸ್ಪ್ರಿಂಗುಗಳಿವೆ ಎಂದು ಕಲ್ಪಿಸಿಕೊಂಡಿದ್ದೇನೆ. ಚಳಿಗೆ ಕಾಂಕ್ರೀಟು ಕುಗ್ಗಿ ಸಂದು ಅಗಲವಾದಷ್ಟೂ ಒಳಗಿನ ಜಲ್ಲಿಕಲ್ಲುಗಳ ಹಿಡಿತ ಸಡಿಲವಾಗಿ, ಸ್ಪ್ರಿಂಗು ಮೆತ್ತಗಾಗುತ್ತದೆ. ನಾಲ್ಕು ಸಂದುಗಳ ಅಳತೆಯೂ ಗ್ರಾಫಿನಲ್ಲಿ ಒಂದೇ ನೇರ ಗೆರೆಯ ಮೇಲೆ ಕೂತಿವೆ. ನೋಡಲು ಸೊಗಸಾಗಿದೆ.

ಆದರೆ ಐದನೆಯದು ಎಲ್ಲಕ್ಕಿಂತ ಅಗಲವಾದ ಸಂದು. ಕಡು ಚಳಿಯ ಬೆಳಗಿನಲ್ಲಿ ಅದನ್ನು ಅಳೆಯದ ಹೊರತು ಗೆರೆ ಹಾಗೆಯೇ ನೇರವಾಗಿ ಇಳಿಯುತ್ತದೋ, ಒಂದು ಹಂತ ದಾಟಿದ ಮೇಲೆ ಪ್ರಪಾತದ ಹಾಗೆ ಬೀಳುತ್ತದೋ ಹೇಳುವಂತಿಲ್ಲ. ಇಡೀ ವರದಿ ನಿಂತಿರುವುದು ಇದೊಂದರ ಮೇಲೆ. ಉಕ್ಕಿಗೆ ಎಲ್ಲೆಲ್ಲೂ ಅಭಾವ. ಸಂದುಗಳಲ್ಲಿ ಭಾರ ದಾಟಿಸಲು ಉಕ್ಕಿನ ಕಂಬಿ ಹಾಕದೆಯೇ ರಸ್ತೆ ಮಾಡಬಹುದು ಎಂದು ಗಂಗಾಧರಯ್ಯನವರು ಮೇಲಿನವರಿಗೆ ಆಗಲೇ ಮಾತು ಕೊಟ್ಟಿದ್ದಾರೆ. ಗೆರೆ ಬಿದ್ದರೆ ಬಿತ್ತು ಎಂದೇ ಬರೆಯುತ್ತೇನೆ ಎಂದು ಜಯಶೀಲಾಗೆ ಹೇಳಿದೆ. ಇನ್ನೇನು ತಾನೇ ಬರೀತೀರಿ ಅಂದಳು.

1959 ಜನವರಿ 3, ಶನಿವಾರ

ನಾಲ್ಕು ದಿನದಿಂದ ಮೋಡ. ಚಪ್ಪಡಿ ಐವತ್ತೊಂಬತ್ತು ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಯಲಿಲ್ಲ. ಮೂವರೂ ಆರು ಗಂಟೆಗೆ ಹೋಗಿ, ಕೈಕಾಲು ಸೆಟೆದುಕೊಂಡು ಕೂತು, ಬರಿಗೈಲಿ ವಾಪಸು. ವರದಿ ಮಾರ್ಚಿಗೆ ಹೋಗಲೇಬೇಕಂತೆ. ಈ ಚಳಿ ತಪ್ಪಿದರೆ ಮುಂದಿನ ಡಿಸೆಂಬರು.

ಜನವರಿ 7, ಬುಧವಾರ

ಇದನ್ನು ಈ ದಿನವೇ ಬರೆದಿಡಬೇಕು.

ಬೆಳಿಗ್ಗೆ ಆರೂವರೆಗೆ ಚಪ್ಪಡಿ ಐವತ್ತೈದು ಡಿಗ್ರಿ ಇತ್ತು. ಆಕಾಶ ಶುಭ್ರ. ಇಂಥ ಬೆಳಗು ಇನ್ನೊಂದು ಸಿಗುವುದಿಲ್ಲ ಅನ್ನಿಸಿತು. ಐದನೆಯ ಸಂದಿನಲ್ಲಿ ಲಾರಿಯ ಹಿಂದಿನ ಚಕ್ರ ಗೆರೆಯ ಮೇಲೆ ನಿಂತಿತು. ನನ್ನ ಡಯಲು ಮೂವತ್ತೆಂಟು ತೋರಿಸಿತು, ಬರೆದುಕೊಂಡೆ. ಮುಂದಿನ ಡಯಲಿನ ಮುಳ್ಳು ಸಂಪೂರ್ಣ ನಿಲ್ಲಲು ಎರಡು ನಿಮಿಷ ಬಿಡಬೇಕು. ಮುನಿವೆಂಕಟಮ್ಮ ಬಗ್ಗಿ ಕೂತಿದ್ದಳು, ಬಲಗೈ ಡಯಲಿನ ಪಟ್ಟಿಯ ಮೇಲಿತ್ತು.

ಅಷ್ಟರಲ್ಲಿ ಸಿದ್ದಾಪುರದ ತೋಪಿನ ಮೇಲೆ ಸೂರ್ಯ ಬಂದ. ಚಕ್ರ ದಾಟಿಸಿ ಆಚೆಯಿಂದಲೂ ಒಂದು ಅಳತೆ ತೆಗೆಯುವುದಿತ್ತು. ಬಿಸಿಲು ಬಿದ್ದರೆ ಸಂದು ಮುಚ್ಚಿಕೊಳ್ಳುತ್ತದೆ. ನಾನು ಗಡಿಯಾರ ನೋಡುತ್ತಿದ್ದೆ, ಅವಳನ್ನು ನೋಡಲಿಲ್ಲ. ಅವಳು ಅಂಕಿ ಹೇಳಿರಲಿಲ್ಲ. ಬಲಗೈ ಎತ್ತಿದೆ. ದಿನವೂ ಎತ್ತುವ ಹಾಗೆಯೇ, ಪೂರ್ತಿ, ತಲೆಯ ಮೇಲಕ್ಕೆ. ಬೈರಣ್ಣ ಅದನ್ನು ನೋಡಿ ಹೊರಟ.

ಅವಳ ಕೂಗು ಕೇಳಿ ಅವನು ತಕ್ಷಣ ನಿಲ್ಲಿಸಿದ. ಆದರೆ ಚಕ್ರ ಕೈಯ ಮೇಲೆಯೇ ನಿಂತಿತು. ಹಿಂದಕ್ಕೆ ತೆಗೆಯಬೇಕಾಯಿತು. ಆ ಸದ್ದನ್ನು ಬರೆಯಲಾರೆ.

ಅದೇ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಬೈರಣ್ಣ ತನ್ನ ಅಂಗಿ ಬಿಚ್ಚಿ ಅವಳ ಕೈಗೆ ಸುತ್ತಿದ್ದ. ದಾರಿಯಲ್ಲಿ ಅವಳು ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ನಾನು ಮಾತಾಡಬೇಡ ಎಂದೆ.

ತಪ್ಪು ನನ್ನದು. ಜಯಶೀಲಾಗೆ ನಡೆದದ್ದೆಲ್ಲ ಹೀಗೆಯೇ ಹೇಳಿದೆ. ಅವಳು ನನ್ನ ತಲೆಯನ್ನು ಹಿಡಿದುಕೊಂಡು ಅತ್ತಳು. ನಾಳೆ ಗಂಗಾಧರಯ್ಯನವರಿಗೆ ಇದನ್ನೇ ಬರೆದುಕೊಡುತ್ತೇನೆ.

ಜನವರಿ 9, ಶುಕ್ರವಾರ

ಮಣಿಕಟ್ಟಿನವರೆಗೆ ಕತ್ತರಿಸಿದ್ದಾರೆ. ವಾರ್ಡಿನ ಬಾಗಿಲವರೆಗೆ ಹೋಗಿ ಬಂದೆ. ಅವಳ ತಾಯಿ ಒಳಗಿದ್ದಳು.

ಗಂಗಾಧರಯ್ಯನವರು ಊರಲ್ಲಿಲ್ಲ. ಸೋಮವಾರ ಬರುತ್ತಾರೆ.

ಜನವರಿ 12, ಸೋಮವಾರ

ಬರೆದ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಓದಿ, ಮಡಿಸಿ, ನನಗೇ ವಾಪಸು ಕೊಟ್ಟರು. ಬಾಗಿಲು ಹಾಕಿಸಿದರು. ಕೋಪವೇನೂ ಇರಲಿಲ್ಲ.

"ಇದನ್ನ ನಾನು ಓದಿಲ್ಲ ಅಂತ ಇಟ್ಕೊಳ್ಳಿ, ತಿರುಮಲೇಶ್. ಗುಡಿಸೋ ಹೆಂಗಸಿನ ಕೈಲಿ ಡಯಲು ಕೊಟ್ಟೋರು ಯಾರು ಅಂತ ಮೊದಲು ಕೇಳ್ತಾರೆ. ಸ್ಟೇಷನ್ ಮುಚ್ಚಿಸ್ತಾರೆ. ನಿಮ್ಮ ನಾಲ್ಕು ವರ್ಷದ ಕೆಲಸ ರದ್ದಿಗೆ ಹೋಗುತ್ತೆ. ಚೆನ್ನಾಗಿ ನೆನಪು ಮಾಡ್ಕೊಂಡು ಬರೀರಿ. ಗಾಬರೀಲಿ ಮನುಷ್ಯ ಇಲ್ಲದ್ದನ್ನೂ ತನ್ನ ತಲೆಗೆ ಕಟ್ಕೋತಾನೆ."

ಸಂಜೆ ಹನುಮಂತನಗರದ ಗುಡ್ಡದವರೆಗೆ ನಡೆದು ಹೋದೆ. ಮೆಟ್ಟಿಲ ಮೇಲೆ ಕೂತು ಆ ಬೆಳಗನ್ನು ಮತ್ತೆ ಮತ್ತೆ ಕಣ್ಣಮುಂದೆ ತಂದುಕೊಂಡೆ. ಕೈ ಎತ್ತಿದ್ದು ನಿಜ. ಆದರೆ ಪೂರ್ತಿ ಎತ್ತಿದ್ದೆನೇ? ಭುಜದ ಮಟ್ಟಕ್ಕೆ ಬಂದಿತ್ತು. ಅಲ್ಲಿಂದ ಮೇಲೆ ಹೋಗಿತ್ತೋ ಇಲ್ಲವೋ ಆಣೆ ಮಾಡಿ ಹೇಳಲಾರೆ. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು, ಅದಂತೂ ಖಂಡಿತ.

ಜನವರಿ 19, ಸೋಮವಾರ

ವಿಚಾರಣೆ ಆಯಿತು. ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದಿದ್ದರು. ಒಟ್ಟು ಒಂದು ಗಂಟೆ.

ಮುನಿವೆಂಕಟಮ್ಮನ ಹೇಳಿಕೆಯನ್ನು ಆಸ್ಪತ್ರೆಯಲ್ಲೇ ಬರೆಸಿಕೊಂಡು ತಂದಿದ್ದರು. ತಾನು ಮುಳ್ಳು ನೋಡುತ್ತಿದ್ದೆ, ಯಾರ ಕೈಯನ್ನೂ ನೋಡಲಿಲ್ಲ ಎಂದಿದ್ದಳು. ಅದನ್ನು ಓದಿದಾಗ ನನಗೆ ಉಸಿರು ಬಂದಂತಾಯಿತು.

ಬೈರಣ್ಣ ನಿಂತುಕೊಂಡೇ ಹೇಳಿದ. "ಸಾರ್ ಕೈ ಎತ್ತಿದ್ರು. ಅವರು ಎತ್ತದೆ ನಾನು ಒಂದಿಂಚೂ ಹೋಗೋನಲ್ಲ. ಅವರನ್ನೇ ಕೇಳಿ, ಅವರು ಸುಳ್ಳು ಹೇಳೋ ಜನ ಅಲ್ಲ."

ನನ್ನನ್ನು ಕೇಳಿದರು. ಬಿಸಿಲಿಗೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಿರಬಹುದು, ಸೂಚನೆಯಾಗಿ ಎತ್ತಿದ ನೆನಪಿಲ್ಲ ಎಂದೆ. ಇದರಲ್ಲಿ ಸುಳ್ಳಾದ ಪದ ಒಂದೂ ಇಲ್ಲ. ಬೈರಣ್ಣ ನನ್ನ ಕಡೆ ತಿರುಗಿ ನೋಡಿದ. ಅವನು ಎರಡನೆಯ ಸಲ ಒತ್ತಿ ಹೇಳಿದ್ದರೆ ನಾನು ಇನ್ನಷ್ಟು ಯೋಚಿಸುತ್ತಿದ್ದೆನೇನೋ.

ಮನೆಗೆ ಬಂದು ಜಯಶೀಲಾಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಅವತ್ತು ನೀವು ನನಗೆ ಹೇಳಿದ್ದು ಹೀಗಲ್ಲ" ಅಂದಳು. ಅವತ್ತು ನಾನು ಯಾವ ಸ್ಥಿತಿಯಲ್ಲಿದ್ದೆ ಎಂಬುದನ್ನೂ ನೆನೆಸಿಕೋ ಎಂದೆ.

ಫೆಬ್ರವರಿ 5, ಗುರುವಾರ

ಬೈರಣ್ಣನನ್ನು ಕೆಲಸದಿಂದ ತೆಗೆದರು. ಲೈಸೆನ್ಸೂ ಹೋಯಿತಂತೆ. ಕಷ್ಟದ ಸಂಗತಿಯೇ. ನಾನು ಬಿಸಿಲಿಗೆ ಅಡ್ಡ ಹಿಡಿದ ಕೈಯನ್ನು ಅವನು ತಪ್ಪು ತಿಳಿದದ್ದು ಇಷ್ಟು ದೂರ ಹೋಯಿತು. ಒಂದು ಕ್ಷಣ ತಾಳಿದ್ದರೆ ಸಾಕಿತ್ತು.

ಲಾರಿ ಪರೀಕ್ಷೆ ಸದ್ಯಕ್ಕೆ ನಿಂತಿದೆ. ಪುಸ್ತಕದಲ್ಲಿ ಐದನೆಯ ಸಂದಿನ ಎದುರು ಈ ಕಡೆ ಮೂವತ್ತೆಂಟು, ಆ ಕಡೆ ಖಾಲಿ. ಗಂಗಾಧರಯ್ಯನವರು ಅದರ ಮೇಲೆ ಬೆರಳಿಟ್ಟು, ಮಾದರಿ ಇರುವುದೇ ಇಂಥದ್ದಕ್ಕಲ್ಲವೇ ಎಂದರು. ಗೆರೆಯನ್ನು ಮುಂದಕ್ಕೆ ಎಳೆದು ನೋಡಿದರೆ ಇಪ್ಪತ್ತನಾಲ್ಕು ಬರುತ್ತದೆ. ಭಾರದಲ್ಲಿ ಒಳ್ಳೆಯ ಪಾಲು ಸಂದು ದಾಟುತ್ತದೆ, ಕಂಬಿ ಬೇಕಿಲ್ಲ ಎನ್ನಲು ಧಾರಾಳವಾಗಿ ಸಾಕು. ಲೆಕ್ಕದಿಂದ ಬಂದದ್ದು ಎಂದು ಅಡಿಟಿಪ್ಪಣಿ ಹಾಕಿದ್ದೇನೆ.

ಜಯಶೀಲಾಗೆ ಪಟ್ಟಿ ಓದಲು ಕರೆದೆ. ತಲೆನೋವು ಎಂದಳು. ಒಬ್ಬನೇ ಮಾಡಿದೆ. ನಿಧಾನವಾಯಿತು.

ಮಾರ್ಚ್ 3, ಮಂಗಳವಾರ

ವರದಿ ಹೋಯಿತು. ಕೊನೆಯ ಪ್ರತಿಯಲ್ಲಿ ಅಡಿಟಿಪ್ಪಣಿ ಇಲ್ಲ. ಟೈಪಿಸ್ಟು ಬಿಟ್ಟಿರಬೇಕು, ಇಲ್ಲವೇ ಗಂಗಾಧರಯ್ಯನವರು ತೆಗೆಸಿರಬೇಕು. ಕಟ್ಟಿ ಅಂಟಿಸಿದ ಮೇಲೆ ನೋಡಿದೆ. ಒಂದು ಅಡಿಟಿಪ್ಪಣಿಗಾಗಿ ನಲವತ್ತು ಪುಟ ಬಿಚ್ಚಿಸುವುದು ಸರಿಯಲ್ಲ.

ಈ ದಿನಚರಿಯ ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ಜನವರಿ ಏಳರದ್ದು ಓದಿ ಆಶ್ಚರ್ಯವಾಯಿತು. ಎಷ್ಟು ಗಾಬರಿಯಲ್ಲಿದ್ದೆ. 'ಪೂರ್ತಿ, ತಲೆಯ ಮೇಲಕ್ಕೆ' ಎಂದೆಲ್ಲ ಬರೆದಿದ್ದೇನೆ. ಆಘಾತವಾದವನು ಬರೆದದ್ದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲು ಬರುವುದಿಲ್ಲ.

ಜಯಶೀಲಾ ಈಚೆಗೆ ಮುಂದಿನ ಕೋಣೆಯಲ್ಲಿ ಮಲಗುತ್ತಾಳೆ. ಸೆಕೆಯಂತೆ.

ಜೂನ್ 14, ಭಾನುವಾರ

ನನಗೆ ಬಡ್ತಿಯಾದ ಮೇಲೆ ಇದನ್ನು ಬರೆಯಲು ಬಿಡುವೇ ಸಿಕ್ಕಿಲ್ಲ. ಹೊಸ ಬಡಾವಣೆಯ ಮುಖ್ಯರಸ್ತೆಗೆ ಕಾಂಕ್ರೀಟು ಹಾಕಲು ಶುರುಮಾಡಿದ್ದಾರೆ, ನಮ್ಮ ವರದಿಯಂತೆ, ಕಂಬಿ ಇಲ್ಲದೆ. ವಾರಕ್ಕೆರಡು ಸಲ ಹೋಗಿ ನೋಡಿ ಬರುತ್ತೇನೆ.

ಇವತ್ತು ಮಡಿವಾಳದ ಸಂತೆಗೆ ಹೋಗಿದ್ದೆ. ಬೈರಣ್ಣ ಆಲೂಗಡ್ಡೆ ಮೂಟೆ ಹೊರುತ್ತಿದ್ದ. ಬಗ್ಗಿದ ಬೆನ್ನಿನಲ್ಲೇ ನನ್ನನ್ನು ಗುರುತು ಹಿಡಿದು, ಮೂಟೆ ಇಳಿಸಿ, "ನಮಸ್ಕಾರ ಸಾರ್. ಆ ಯಮ್ಮ ಹೆಂಗವಳೆ?" ಅಂದ. ಗೊತ್ತಿಲ್ಲ ಎಂದೆ. ತಾನು ಎರಡು ಸಲ ಬೈರಸಂದ್ರಕ್ಕೆ ಹೋಗಿ ಬಂದೆ, ಅವಳು ಈಗ ಎಡಗೈಯಲ್ಲಿ ಸೊಪ್ಪು ಕಟ್ಟುವುದನ್ನು ಕಲಿತಿದ್ದಾಳೆ ಎಂದ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

ಇಷ್ಟು ಧೈರ್ಯ ಎಲ್ಲಿಂದ ಬರುತ್ತದೋ. ಸೂಚನೆ ಇಲ್ಲದೆ ಗಾಡಿ ಬಿಟ್ಟು ಒಬ್ಬಳ ಕೈ ತೆಗೆದವನು, ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗಬೇಕು. ಬದನೆಕಾಯಿ ಕೊಳ್ಳದೆ ಬಂದುಬಿಟ್ಟೆ.

ಆಗಸ್ಟ್ 9, ಭಾನುವಾರ

ಬೆಳಿಗ್ಗೆ ಬಾಗಿಲಲ್ಲಿ ಮುನಿವೆಂಕಟಮ್ಮ. ಏನಾದರೂ ಬೇಡಲು ಬಂದಿರಬೇಕು ಎಂದುಕೊಂಡು, ಆಫೀಸಿಗೆ ಅರ್ಜಿ ಕೊಡುವುದು ಹೇಗೆಂದು ಹೇಳಲು ಸಿದ್ಧನಾದೆ. ಅಷ್ಟರಲ್ಲಿ ಜಯಶೀಲಾ ಅವಳನ್ನು ಒಳಗೆ ಕರೆದು, ಚಾಪೆ ಹಾಸಿ, ಕಾಫಿ ತಂದು, ತಾನೂ ಪಕ್ಕದಲ್ಲೇ ಕೂತಳು. ಆ ಇಬ್ಬರಿಗೂ ಮೊದಲೇ ಪರಿಚಯವಿದ್ದಂತೆ ಕಂಡಿತು. ಆಸ್ಪತ್ರೆಗೆ ಜಯಶೀಲಾ ಹೋಗುತ್ತಿದ್ದಳಂತೆ. ನನಗೆ ಹೇಳಿರಲಿಲ್ಲ.

ಮೊಂಡಾದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಎಡಗೈಯಲ್ಲಿ ಲೋಟ ಹಿಡಿದು ಕುಡಿದಳು. ಸೊಪ್ಪಿನ ವ್ಯಾಪಾರ ಪರವಾಗಿಲ್ಲ ಎಂದಳು. ಆಮೇಲೆ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅವತ್ತು ಮುಳ್ಳು ಒಂಬತ್ತಕ್ಕೆ ನಿಂತಿತ್ತು ಸ್ವಾಮಿ. ಹೇಳಾನ ಅಂತ ಬಾಯಿ ತೆಗೆದೆ, ಅಷ್ಟರಾಗೆ ಹಿಂಗಾತು. ಗಾಡೀಲೂ ಹೇಳಾಕೆ ಬಂದೆ, ನೀವು ಮಾತಾಡ್ಬ್ಯಾಡ ಅಂದ್ರಿ. ಆಮ್ಯಾಕೆ ಯಾರೂ ಕೇಳ್ನೇ ಇಲ್ಲ. ನಿಮಗೆ ಅದು ಬೇಕಿತ್ತಲ್ಲ, ಅದಕ್ಕೇ ಬಂದೆ."

ಹತ್ತೊಂಬತ್ತೇ ಎಂದು ಕೇಳಿದೆ. ಅಲ್ಲ, ಒಂಬತ್ತು, ಹತ್ತರ ಹಿಂದಿನ ಗೆರೆ ಎಂದಳು. ಮುಳ್ಳು ಇನ್ನೂ ಅಲುಗುತ್ತಿತ್ತೇನೋ ಎಂದೆ. ಇಲ್ಲ, ಸುಮ್ಮನೆ ನಿಂತಿತ್ತು, ನಾನು ಎರಡು ಸಲ ನೋಡಿದೆ, ನೀವು ಹೇಳಿಕೊಟ್ಟ ಹಾಗೆ ಎಂದಳು. ಒಳ್ಳೆಯದು, ಬರೆದುಕೊಳ್ಳುತ್ತೇನೆ ಎಂದೆ. ಅವಳ ಮುಖದಲ್ಲಿ ನಿರಾಳ ಕಂಡಿತು. ಹೋಗುವಾಗ ಒಂದು ಕಟ್ಟು ದಂಟಿನ ಸೊಪ್ಪು ಇಟ್ಟು ಹೋದಳು.

ಬಾಗಿಲು ಹಾಕಿಕೊಂಡು ಗ್ರಾಫು ತೆಗೆದೆ. ಪೆನ್ಸಿಲಿನಿಂದ ಒಂಬತ್ತರಲ್ಲಿ ಚುಕ್ಕೆ ಇಟ್ಟೆ. ನಾಲ್ಕು ಚುಕ್ಕೆಗಳು ನೇರವಾಗಿ ಬಂದು ಐದನೆಯದಕ್ಕೆ ಧುಮುಕುತ್ತವೆ. ಹಾಗಿದ್ದರೆ ಚಳಿಗಾಲದ ಬೆಳಿಗ್ಗೆ ಆ ಅಗಲದ ಸಂದಿನಲ್ಲಿ ಹೆಚ್ಚುಕಡಮೆ ಏನೂ ದಾಟುವುದಿಲ್ಲ. ಹೊಸ ರಸ್ತೆಯಲ್ಲಿ ಆ ಅಗಲದ ಸಂದುಗಳು ಇನ್ನೂರರ ಮೇಲಿವೆ.

ಆದರೆ ಓದು ಬಾರದ ಹೆಂಗಸು ಚಳಿಯಲ್ಲಿ, ಅರೆಬೆಳಕಿನಲ್ಲಿ, ಏಳು ತಿಂಗಳ ಹಿಂದೆ ನೋಡಿದ ಅಂಕಿ. ಇದನ್ನು ನಂಬಿ ಕಳಿಸಿದ ವರದಿಯನ್ನು ಹಿಂದಕ್ಕೆ ತರಿಸುವುದು ವಿಜ್ಞಾನವಲ್ಲ. ಚುಕ್ಕೆಯನ್ನು ಅಳಿಸಿದೆ.

ಜಯಶೀಲಾ ಬಾಗಿಲ ಹೊರಗಿನಿಂದಲೇ, ಒಂಬತ್ತು ಅಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಳು. ಅದರಿಂದ ಏನೂ ವ್ಯತ್ಯಾಸವಿಲ್ಲ ಎಂದೆ. ಆಮೇಲೆ ಹೆಜ್ಜೆ ಸದ್ದು ದೂರವಾಯಿತು.

ಆಗಸ್ಟ್ 17, ಸೋಮವಾರ

ಜಯಶೀಲಾ ಹನುಮಂತನಗರದ ಅಣ್ಣನ ಮನೆಗೆ ಹೋಗಿದ್ದಾಳೆ. ಎರಡೂ ಟ್ರಂಕು ಒಯ್ದಿದ್ದಾಳೆ. ಶ್ರಾವಣ ಬಂತಲ್ಲ, ತವರಿನ ಕಡೆ ಮನಸ್ಸು ಎಳೆದಿರಬೇಕು. ಊಟಕ್ಕೆ ಹೋಟೆಲು.

ಡಿಸೆಂಬರ್ 23, ಬುಧವಾರ

ಹೊಸ ರಸ್ತೆಯಲ್ಲಿ ಮೂರು ಕಡೆ ಸಂದಿನ ಅಂಚು ಸಿಬಿರೆದ್ದಿದೆ. ಎತ್ತಿನಗಾಡಿಯ ಕಬ್ಬಿಣದ ಪಟ್ಟಿಯಿಂದ ಎಂದು ಗಂಗಾಧರಯ್ಯನವರು ಟಿಪ್ಪಣಿ ಬರೆದಿದ್ದಾರೆ. ಆದರೂ ಮೇಲಿನಿಂದ ಪ್ರಶ್ನೆ ಬಂದಿದೆ. ಈ ಚಳಿಯಲ್ಲಿ ಐದನೆಯ ಸಂದನ್ನು ಇನ್ನೊಮ್ಮೆ ಅಳೆದು ದೃಢಪಡಿಸಿ ಕಳಿಸಬೇಕಂತೆ. ನಾನೇ ಮಾಡುತ್ತೇನೆ ಎಂದೆ. ಎರಡು ಡಯಲನ್ನೂ ಒಬ್ಬನೇ ನೋಡಬಲ್ಲೆ. ಹೊಸ ಡ್ರೈವರಿಗೆ ಸೂಚನೆಯ ವಿಷಯ ಕಟ್ಟುನಿಟ್ಟಾಗಿ ಹೇಳಬೇಕು. ಹಿಂದಿನವನಂತೆ ಅವಸರ ಮಾಡುವವನಾದರೆ ಕಷ್ಟ.

1960 ಜನವರಿ 6, ಬುಧವಾರ

ಆರೂವರೆ. ಐವತ್ತೈದು ಡಿಗ್ರಿ. ಲಾರಿ ಗೆರೆಯ ಮೇಲೆ ಸರಿಯಾಗಿ ನಿಂತಿತು. ಈಚೆ ಮೂವತ್ತೆಂಟು. ಎರಡು ನಿಮಿಷ ಪೂರ್ತಿ ಕಾದೆ. ಆಚೆ ಒಂಬತ್ತು.

ಪುಸ್ತಕದಲ್ಲಿ ಇಪ್ಪತ್ತನಾಲ್ಕು ಎಂದು ಬರೆದೆ. ಏಳು ಗಂಟೆಯ ಹೊತ್ತಿಗೆ ಕೆಲಸ ಮುಗಿಯಿತು. ಹವೆ ಚೆನ್ನಾಗಿತ್ತು.